ಗಾಲಿಗೆ ತಲುಪದ ಅಶ್ವಶಕ್ತಿ

ಪಿಕಪ್ ಟ್ರಕ್ಕೊಂದರ ಎಂಜಿನ್ನು 200 ಅಶ್ವಶಕ್ತಿಯನ್ನು ಉತ್ಪಾದಿಸುತ್ತದೆಂದು ಭಾವಿಸೋಣ. ಹಿಂದಿನ ಗಾಲಿಗಳನ್ನು ಡೈನಮೋಮೀಟರಿನ ಉರುಳೆಗಳ ಮೇಲಿರಿಸಿ ಅಳೆದರೆ ಸುಮಾರು 170 ಮಾತ್ರ ದೊರೆಯಬಹುದು. ಉಳಿದುದು ಗೇರುಪೆಟ್ಟಿಗೆ, ಬೇರಿಂಗು, ಹಿಂದಿನ ಅಚ್ಚು, ಟೈರು ಇವುಗಳಲ್ಲಿ ಶಾಖವಾಗಿ ಪರಿಣಮಿಸುತ್ತದೆ.

ಹಿಂದಿನ ಅಚ್ಚನ್ನು ವಿಶೇಷವಾಗಿ ಗಮನಿಸಬೇಕು. ಉದ್ದಕ್ಕೆ ಬಂದ ಭ್ರಮಣವನ್ನು ಅದು ಅಡ್ಡಲಾಗಿ ತಿರುಗಿಸಬೇಕಷ್ಟೆ. ಅಲ್ಲಿನ ಹೈಪಾಯ್ಡ್ ಗೇರಿನಲ್ಲಿ ಪಿನಿಯನ್ನಿನ ಅಕ್ಷವು ದೊಡ್ಡ ಚಕ್ರದ ಕೇಂದ್ರಕ್ಕಿಂತ ಕೆಳಗಿರುವುದರಿಂದ ಹಲ್ಲುಗಳು ಒಂದರ ಮೇಲೊಂದು ಉರುಳುವುದಲ್ಲದೆ ಉದ್ದಕ್ಕೂ ಜಾರುತ್ತವೆ. ಜಾರಿದೆಡೆ ಘರ್ಷಣೆ ತಪ್ಪದು.

ನಷ್ಟ ಶೇಕಡ 15 ಎಂಬುದು ರೂಢಿಯ ಅಂದಾಜು. ಹಾಗಾದರೆ 170ನ್ನು 0.85ರಿಂದ ಭಾಗಿಸಬೇಕು, 170ಕ್ಕೆ ಅದರ ಶೇಕಡ 15ನ್ನು ಕೂಡಿಸಿ 195.5 ಎನ್ನುವವರೂ ಉಂಟು! ಪ್ರಕಟಿತ ಅಂಕಿಯಲ್ಲೂ ಎಚ್ಚರ ಬೇಕು. 1972ಕ್ಕೆ ಮುಂಚೆ ಅಮೆರಿಕದಲ್ಲಿ ಸಾಮಾನ್ಯವಾಗಿ ಫ್ಯಾನು, ಮಫ್ಲರು ಮೊದಲಾದವನ್ನು ಕಳಚಿ ಎಂಜಿನ್ನನ್ನು ಅಳೆಯುತ್ತಿದ್ದರು. ಆ ಕೊರತೆಯನ್ನು ಗೇರುಗಳ ಮೇಲೆ ಹೊರಿಸುವುದು ಅನ್ಯಾಯ.

ಇಷ್ಟಕ್ಕೂ ಆ ಶೇಕಡ ಪ್ರಮಾಣ ಸ್ಥಿರವಲ್ಲ. ನಷ್ಟದ ಒಂದಂಶ ಹಲ್ಲುಗಳ ಮೇಲಿನ ಭಾರದೊಡನೆ ಹೆಚ್ಚುತ್ತದೆ. ಎಣ್ಣೆಯನ್ನು ಕಡೆಯುವುದರಲ್ಲಿ ವ್ಯಯವಾಗುವ ಇನ್ನೊಂದಂಶವಾದರೋ ವೇಗವನ್ನೂ ಎಣ್ಣೆಯ ಉಷ್ಣತೆಯನ್ನೂ ಅವಲಂಬಿಸಿದೆ. ನಮ್ಮ 30ರಲ್ಲಿ ಇದರ ಪಾಲು 12 ಎಂದು ಊಹಿಸೋಣ. ಅದೇ ವೇಗದಲ್ಲಿ ಎಂಜಿನ್ನಿನ ಶಕ್ತಿ 400ಕ್ಕೇರಿದರೆ 18 ಎಂಬುದು 36 ಆಗುತ್ತದೆ, 12 ಹಾಗೆಯೇ ಉಳಿಯುತ್ತದೆ. ಒಟ್ಟು ನಷ್ಟ 48, ಅಂದರೆ ಶೇಕಡ 12. ರೂಢಿಯ ಸೂತ್ರ ಹೇಳುವ 60 ಅಲ್ಲ.

ಉರುಳೆಗಳ ಮೇಲೆ ವೇಗವಾಗಿ ತಿರುಗುತ್ತಿರುವಾಗ ಕ್ಲಚ್ಚನ್ನು ಬಿಡಿಸಿ, ಗಾಲಿಗಳು ನಿಧಾನವಾಗುವ ದರವನ್ನು ಅಳೆದರೆ ಎರಡನೆಯ ಅಂಶವೂ ಟೈರುಗಳ ನಷ್ಟವೂ ಒಟ್ಟಾಗಿ ತಿಳಿಯುತ್ತವೆ. ಹಲ್ಲುಗಳ ಮೇಲೆ ಆಗ ಎಂಜಿನ್ನಿನ ಭಾರವಿಲ್ಲದ ಕಾರಣ ಮೊದಲನೆಯ ಅಂಶ ಈ ಪರೀಕ್ಷೆಗೆ ಸಿಕ್ಕದು.