ನಡಿಗೆ ಬಿಡಬೇಡ, ಜೋಡು ಬದಲಿಸು

ಮೈಸೂರು

ಪ್ರೀತಿಯ ಮಗಳೆ,

ನೀನು ಬೆಳಗಿನ ನಡಿಗೆ ನಿಲ್ಲಿಸಿದೆ ಅಂತ ನಿಮ್ಮಮ್ಮ ಹೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಮೂರನೆಯ, ನಾಲ್ಕನೆಯ ಬೆರಳಿನ ಸಂದಿಯಲ್ಲಿ ಉರಿ, ಬೂಟಿನೊಳಗೆ ಕಲ್ಲು ಸಿಕ್ಕಿಕೊಂಡ ಹಾಗೆ, ಬಿಚ್ಚಿ ಕೊಡವಿದರೆ ಏನೂ ಇಲ್ಲ. ಇದೆಲ್ಲ ನನ್ನ ಕಾಲಿನ ಕಥೆಯೇ. ನಿನ್ನ ಡಾಕ್ಟರು ಹೇಳಿದ ಮಾರ್ಟನ್ಸ್ ನ್ಯೂರೋಮ ನನಗೂ ಇದೆ. ಹೆಸರು ಕೇಳಿ ಗೆಡ್ಡೆಯೆಂದು ಹೆದರಬೇಡ. 1876ರಲ್ಲಿ ಫಿಲಡೆಲ್ಫಿಯಾದ ಸರ್ಜನ್ ಥಾಮಸ್ ಮಾರ್ಟನ್ ವಿವರಿಸಿದ ನೋವು ಅದು. ಪಾದದ ಮುಂಭಾಗದ ಮೂಳೆಗಳ ನಡುವೆ ಸಾಗುವ ನರ ಒತ್ತಿಸಿಕೊಂಡು ಒತ್ತಿಸಿಕೊಂಡು ಅದರ ಸುತ್ತ ದಪ್ಪ ಕಟ್ಟುತ್ತದೆ.

ಈ ನೋವು ಬಂದಾಗ ನಾನು ಚಾಮುಂಡಿ ಬೆಟ್ಟದ ಮೆಟ್ಟಿಲು ಹತ್ತುವುದು ಬಿಟ್ಟು ಮನೆಯಲ್ಲಿ ಕೂತೆ. ತೂಕ ಏರಿತು, ಮೊಣಕಾಲೂ ಹಿಡಿಯಿತು. ಆ ತಪ್ಪು ನೀನು ಮಾಡಬೇಡ. ನರಕ್ಕೆ ಬೇಕಾದದ್ದು ಜಾಗ.

ಬೂಟಿನ ಅಂಗಡಿಯಲ್ಲಿ ಸೈಜ್ ಎಂದರೆ ಉದ್ದ ಮಾತ್ರ, ಅಗಲ ಕೇಳುವವರೇ ಇಲ್ಲ. ಪಾದ ಸ್ವಲ್ಪ ಊದಿರುವ ಸಂಜೆ ಹೊತ್ತಿಗೆ ಹೋಗು. ಬೂಟಿನ ಒಳ ಅಟ್ಟೆ ಹೊರಗೆ ತೆಗೆದು ಅದರ ಮೇಲೆ ನಿಂತು ನೋಡು. ಪಾದ ಅಂಚು ದಾಟಿದರೆ ಆ ಜೋಡು ನಿನ್ನದಲ್ಲ. "ಹಾಕ್ತಾ ಹಾಕ್ತಾ ಲೂಸ್ ಆಗುತ್ತೆ ಮೇಡಂ" ಎಂಬ ಮಾತಿಗೆ ಮರುಳಾಗಬೇಡ; ಅದು ಹಿಗ್ಗುವ ತನಕ ಅಷ್ಟೂ ದಿನ ನಿನ್ನ ನರ ಹಿಂಡಿಸಿಕೊಳ್ಳಬೇಕು. ಹೀಲ್ಸ್ ಎತ್ತರವಾದಷ್ಟೂ ಮೈಭಾರ ಹೆಚ್ಚೆಚ್ಚಾಗಿ ಪಾದದ ಮುಂಭಾಗದ ಮೂಳೆಗಳ ಮೇಲೆ ಬೀಳುತ್ತದೆ. ಮದುವೆಗೆ ಬೇಕೇ ಬೇಕೆಂದರೆ ಫೋಟೋ ಮುಗಿಯುವ ತನಕ ಸಾಕು. ಕೈಯಲ್ಲೇ ಮಡಚಬಹುದಾದ ತೆಳು ಅಟ್ಟೆಯ ಚಪ್ಪಲಿಯೂ ಬೇಡ.

ಇನ್ನು ಮೆಟಟಾರ್ಸಲ್ ಪ್ಯಾಡ್, ಅಂದರೆ ಪಾದದ ಮುಂಭಾಗದ ಮೂಳೆಗಳಿಗೆ ಆಸರೆಯಾಗಿ ಬೂಟಿನೊಳಗೆ ಅಂಟಿಸುವ ಮೆತ್ತೆ. ಇದರಲ್ಲೇ ಬಹಳ ಜನ ಎಡವುತ್ತಾರೆ, ನಾನೂ ಎಡವಿದ್ದೆ. ನೋವಿರುವ ಜಾಗಕ್ಕೇ ಅಂಟಿಸಿದೆ, ಉರಿ ಇನ್ನೂ ಹೆಚ್ಚಾಯಿತು. ಅದು ಕೂರಬೇಕಾದದ್ದು ನೋವಿನ ಜಾಗದಿಂದ ತುಸು ಹಿಂದೆ, ಹಿಮ್ಮಡಿಯ ಕಡೆಗೆ. ಅಲ್ಲಿಂದ ಮೂಳೆಗಳನ್ನು ಮೇಲೆತ್ತಿ ಅಗಲಿಸಿದಾಗ ನರ ಉಸಿರಾಡುತ್ತದೆ. ಒಂದೆರಡು ದಿನ ಅತ್ತಿತ್ತ ಸರಿಸಿ ನೋಡಿ, ಹಿತವಾದ ಜಾಗ ಸಿಕ್ಕಿದ ಮೇಲೆ ಅಂಟಿಸು.

ನಡಿಗೆಗೆ ಮೊದಲು ಸಮತಟ್ಟಾದ ಮಣ್ಣಿನ ದಾರಿ ಇರಲಿ. ನಾನು ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಕಾಲು ಗಂಟೆಯಿಂದ ಶುರು ಮಾಡಿದೆ. ಉರಿ ಬಂದರೆ ಕೂತು ಬೂಟು ಬಿಚ್ಚಿ ಪಾದ ಒತ್ತಿಕೊ. ಈಜು ನಡೆಯುತ್ತದೆ. ಮೆಟ್ಟಿಲು ಕೊನೆಗೆ; ಹತ್ತುವಾಗ ಬೆರಳು ಬಾಗಿ ನರದ ಮೇಲೆ ಎಳೆತ ಬೀಳುತ್ತದೆ. ಇಷ್ಟಕ್ಕೂ ತಗ್ಗದಿದ್ದರೆ ಇಂಜೆಕ್ಷನ್, ಆಪರೇಷನ್ ಇದ್ದೇ ಇವೆ. ಆದರೆ ನರ ತೆಗೆದರೆ ಬೆರಳ ಸಂದಿ ಮರಗಟ್ಟುತ್ತದೆ, ಆತುರ ಬೇಡ.

ಒಂದು ಮಾತು ಗಟ್ಟಿಯಾಗಿ ಹೇಳುತ್ತೇನೆ. ಎರಡೂ ಪಾದ ಉರಿದು, ಕಾಲುಚೀಲ ಹಾಕಿದಂತೆ ಜೋಮು ಹಿಡಿದರೆ ಅದು ಬೇರೆ ಕಾಯಿಲೆ ಇರಬಹುದು. ಮೊದಲು ಸಕ್ಕರೆ ಪರೀಕ್ಷೆ ಮಾಡಿಸು. ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದಕ್ಕೆ ಜೋಡು ಕಚ್ಚಿದ್ದೂ ತಿಳಿಯುವುದಿಲ್ಲ. ಅಂಥವರು ಹರಕೆಗೂ ಬರಿಗಾಲಲ್ಲಿ ಬೆಟ್ಟ ಹತ್ತಬಾರದು.

ಇವತ್ತು ಸಂಜೆಯೇ ನಿನ್ನ ಬೂಟಿನ ಒಳ ಅಟ್ಟೆಯ ಮೇಲೆ ನಿಂತು ನೋಡಿ ನನಗೆ ಬರೆ.

ಇಂತಿ ನಿನ್ನ
ದೊಡ್ಡಮ್ಮ