ಮೊಳಕೆ ಕಾಳಿನ ವಿಷಯವಾದ ಪಾಠ

ಒಣಗಿದ ಕಾಳಿನಲ್ಲಿ ಸಿ ಜೀವಸತ್ವವು ಬಹು ಅಲ್ಪ. ಕಾಳು ನೆನೆದು ಮೊಳೆತಾಗ ಅದು ಹೆಚ್ಚುವದು. ತರಕಾರಿಯು ದೊರೆಯದ ಬೇಸಿಗೆಯಲ್ಲಿ ಇದು ಬಡವರ ಮನೆಗೆ ದೊಡ್ಡ ಸಹಾಯವು.

ಮಾಡುವ ಕ್ರಮವೇನಂದರೆ: ಹೆಸರುಕಾಳನ್ನು ಆರಿಸಿ ತೊಳೆದು, ರಾತ್ರಿ ಶುದ್ಧವಾದ ನೀರಿನಲ್ಲಿ ನೆನೆಯಿಡಬೇಕು. ಬೆಳಿಗ್ಗೆ ಆ ನೀರನ್ನು ಚೆಲ್ಲಿ, ಕುದಿಸಿ ಒಣಗಿಸಿದ ಬಟ್ಟೆಯಲ್ಲಿ ಕಟ್ಟಿಡಬೇಕು. ದಿನಕ್ಕೆ ಎರಡಾವರ್ತಿ ತೊಳೆದು ನೀರನ್ನು ಬಸಿದರೆ ಒಂದೆರಡು ದಿನಗಳಲ್ಲಿ ಮೊಳಕೆಯು ಬರುವದು. ಬಿತ್ತನೆಗೋಸ್ಕರ ಔಷಧ ಹಚ್ಚಿದ ಬೀಜವನ್ನು ಎಂದಿಗೂ ಉಪಯೋಗಿಸಬಾರದು, ಅದು ವಿಷವು. ಲೋಳೆಯಾದ ಮೊಳಕೆಯನ್ನು ಬಿಸಾಡಬೇಕು.

ಹಸಿಯಾಗಿ ತಿನ್ನುವದೇ ಮೇಲೆಂದು ಅನೇಕರು ಹೇಳುವದುಂಟು. ಆದರೆ ಮೊಳಕೆಗೆ ಬೇಕಾದ ತೇವವೂ ಶಾಖವೂ ರೋಗಾಣುಗಳನ್ನು ಸಹ ಬೆಳೆಸುತ್ತವೆ. ಚೊಕ್ಕಟವಾಗಿ ಕಾಣುವ ಬೀಜದಲ್ಲಿಯೂ ಅವು ಅಡಗಿರಬಹುದು. 2011ರಲ್ಲಿ ಜರ್ಮನಿ ದೇಶದಲ್ಲಿ ಮೆಂತ್ಯದ ಹಸಿ ಮೊಳಕೆಯಿಂದ ಹಬ್ಬಿದ ರೋಗದಿಂದ 50ಕ್ಕೂ ಹೆಚ್ಚು ಜನರು ಸತ್ತರು. ಆದಕಾರಣ ಚಿಕ್ಕ ಮಕ್ಕಳಿಗೂ ಗರ್ಭಿಣಿಯರಿಗೂ ವೃದ್ಧರಿಗೂ ರೋಗಿಗಳಿಗೂ ಹಸಿ ಮೊಳಕೆಯನ್ನು ಕೊಡದೆ, ಚೆನ್ನಾಗಿ ಬೇಯಿಸಿ ಕೊಡಬೇಕೆಂದು ನಾವು ಬಿನ್ನವಿಸುತ್ತೇವೆ. ಬೇಯಿಸುವದರಿಂದ ಸತ್ವವು ಸ್ವಲ್ಪ ಕುಂದಿದರೂ ಜೀವವು ಉಳಿಯುವದು.