ಬ್ರೇಕ್ ಪೆಡಲ್ ಮೆತ್ತಗಾದಾಗ: ಸ್ವಯಂ ದುರಸ್ತಿಯ ನಂತರ ನೋಡಬೇಕಾದ ದೋಷಗಳು

ಜಯನಗರ, ಜೆ.ಪಿ. ನಗರ, ಬನಶಂಕರಿ ಹಾಗೂ ಬಿ.ಟಿ.ಎಂ. ಬಡಾವಣೆಯ ವರ್ತಕರು ಮತ್ತು ಸಣ್ಣ ಉದ್ಯಮಿಗಳಲ್ಲಿ ಅನೇಕರು ಸರಕು ಸಾಗಣೆಗೆ ಸ್ವಂತ ವಾಹನವನ್ನೇ ಅವಲಂಬಿಸಿದ್ದಾರೆ. ಬ್ರೇಕ್ ಪ್ಯಾಡ್, ಶೂ, ರಬ್ಬರ್ ಕಿಟ್‌ಗಳು ಜೆ.ಸಿ. ರಸ್ತೆಯಲ್ಲಿ ಸುಲಭವಾಗಿ ದೊರೆಯುವುದರಿಂದ ಭಾನುವಾರದ ಬಿಡುವಿನಲ್ಲಿ ತಾವೇ ಅವುಗಳನ್ನು ಬದಲಿಸಿಕೊಳ್ಳುವವರೂ ಉಂಟು. ಕೂಲಿಯ ಹಣ ಉಳಿಯುತ್ತದೆಂಬುದು ನಿಜ. ಆದರೆ ಕೆಲಸ ಮುಗಿದ ಮೇಲೆ ಪೆಡಲ್ ಮೆತ್ತಗಾಗಿರುವುದು ಕಂಡುಬಂದರೆ ಮುಂದೇನು ಮಾಡಬೇಕೆಂಬುದರಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಈ ಲೇಖಕನೂ ಒಮ್ಮೆ ತಪ್ಪಿದ್ದುಂಟು.

ನಮ್ಮ ಘಟಕದ ಹಳೆಯ ಸರಕು ವಾಹನಕ್ಕೆ ಹಿಂದಿನ ಬ್ರೇಕ್ ಶೂಗಳನ್ನೂ ವೀಲ್ ಸಿಲಿಂಡರಿನ ರಬ್ಬರ್‌ಗಳನ್ನೂ ನಾವೇ ಬದಲಿಸಿ, ಗಾಳಿ ತೆಗೆದು, ಚಕ್ರ ಜೋಡಿಸಿದೆವು. ಸೋಮವಾರ ಬೆಳಿಗ್ಗೆ ಚಾಲಕ ಹೇಳಿದ ಮಾತು ಇದು: “ಸಾರ್, ಒಂದು ಸಲಕ್ಕೆ ಕೆಳಗೆ ಹೋಗುತ್ತೆ, ಎರಡು ಸಲ ತುಳಿದರೆ ಹಿಡಿಯುತ್ತೆ.” ಗಾಳಿ ಉಳಿದಿದೆಯೆಂದು ಭಾವಿಸಿ ಮತ್ತೆರಡು ಬಾರಿ ಗಾಳಿ ತೆಗೆಸಿದೆ. ಮೂರನೆಯ ಬಾರಿ ಪೆಡಲ್ ಮೊದಲಿಗಿಂತಲೂ ಕೆಟ್ಟು, ತುಳಿದು ಹಿಡಿದರೆ ನಿಧಾನವಾಗಿ ತಳಕ್ಕೆ ಇಳಿಯತೊಡಗಿತು. ಕಡೆಗೆ ಗ್ಯಾರೇಜಿನಲ್ಲಿ ತಿಳಿದುಬಂದಂತೆ, ಮೊದಲ ದಿನ ಗಾಳಿಯೇ ಇರಲಿಲ್ಲ. ಶೂ ಮತ್ತು ಡ್ರಮ್ಮಿನ ನಡುವಿನ ಅಂತರವನ್ನು ಸರಿಹೊಂದಿಸಿರಲಿಲ್ಲ, ಅಷ್ಟೆ. ಮಾಸ್ಟರ್ ಸಿಲಿಂಡರನ್ನು ಹಾಳುಮಾಡಿದ್ದು ನಮ್ಮ ಅನಗತ್ಯ ಶ್ರಮ. ಎರಡು ದಿನ ಸರಕು ಹೊರಡಲಿಲ್ಲ. ಉಳಿಸಿದ ಕೂಲಿಗಿಂತ ತೆತ್ತ ಹಣವೇ ಹೆಚ್ಚಾಯಿತು.

ಹಾನಿಯಾದ ಬಗೆಯನ್ನು ವಿವರಿಸುವುದು ಅವಶ್ಯ. ದೈನಂದಿನ ಓಡಾಟದಲ್ಲಿ ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಸೀಲು ಕೊಳವೆಯ ಒಂದು ಭಾಗದಲ್ಲಿ ಮಾತ್ರ ಚಲಿಸುತ್ತದೆ. ಅದರಾಚೆಯ ಭಾಗದಲ್ಲಿ ವರ್ಷಾನುಗಟ್ಟಲೆಯ ಕೊಳೆ, ತುಕ್ಕು ಕೂತಿರುತ್ತದೆ. ಗಾಳಿ ತೆಗೆಯುವಾಗ ಪೆಡಲನ್ನು ತಳ ಮುಟ್ಟುವವರೆಗೆ ತುಳಿದರೆ ಸೀಲು ಆ ಒರಟು ಭಾಗದ ಮೇಲೆ ಉಜ್ಜಿ ಹರಿಯುತ್ತದೆ. ಹಳೆಯ ವಾಹನವಾದರೆ ಪೆಡಲಿನ ಕೆಳಗೆ ಮರದ ತುಂಡೊಂದನ್ನಿಟ್ಟು ಅದರ ಚಲನೆಯನ್ನು ಮಿತಿಗೊಳಿಸುವುದು ಕ್ಷೇಮ.

ಆದುದರಿಂದ ಸ್ಪ್ಯಾನರ್ ಹಿಡಿಯುವ ಮೊದಲು ಪೆಡಲಿನ ವರ್ತನೆಯನ್ನು ಗಮನಿಸತಕ್ಕದ್ದು. ವಾಹನವನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಚಕ್ರಗಳಿಗೆ ಕಲ್ಲು ಕೊಟ್ಟು, ಎಂಜಿನ್ ಆರಿಸಿ ಪರೀಕ್ಷಿಸಿರಿ. ಪೆಡಲ್ ಸ್ಪಂಜಿನಂತೆ ಪುಟಿಯುತ್ತಿದ್ದರೆ ಗಾಳಿ ಸೇರಿದೆಯೆಂದು ಶಂಕಿಸಬಹುದು; ದ್ರವ ಕುಗ್ಗುವುದಿಲ್ಲ, ಗಾಳಿ ಕುಗ್ಗುತ್ತದೆ. ಪದೇ ಪದೇ ತುಳಿದಾಗ ಮೇಲೆ ಬಂದು ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ಅದು ಹೆಚ್ಚಾಗಿ ಶೂಗಳ ಅಂತರದ ದೋಷ. ಇದನ್ನು ಖಚಿತಪಡಿಸಿಕೊಳ್ಳಲು ಸುಲಭ ಉಪಾಯವೊಂದಿದೆ. ಹ್ಯಾಂಡ್‌ಬ್ರೇಕ್ ಹಿಂದಿನ ಶೂಗಳನ್ನೇ ಒತ್ತುವ ವಾಹನಗಳಲ್ಲಿ ಅದನ್ನು ಎಳೆದು ಪೆಡಲ್ ತುಳಿಯಿರಿ; ಪೆಡಲ್ ಮೇಲೆಯೇ ನಿಂತರೆ ತಪ್ಪು ಹಿಂದಿನ ಡ್ರಮ್ಮುಗಳಲ್ಲಿದೆ. ಒಂದೇ ಸಮನೆ ಒತ್ತಿ ಹಿಡಿದಾಗ ಪೆಡಲ್ ಮೆಲ್ಲನೆ ಇಳಿಯುತ್ತಾ ಹೋದರೆ ಹೊರಗೆಲ್ಲೋ ಸೋರಿಕೆ ಇದೆ, ಇಲ್ಲವೇ ಮಾಸ್ಟರ್ ಸಿಲಿಂಡರಿನ ಸೀಲು ಕೆಟ್ಟಿದೆ. ಇಂತಹ ವಾಹನವನ್ನು ಗ್ಯಾರೇಜಿಗೂ ಓಡಿಸಿಕೊಂಡು ಹೋಗಬಾರದು, ಎಳೆಸಿಕೊಂಡೇ ಹೋಗಬೇಕು.

ಎಂಜಿನ್ ಚಾಲೂ ಮಾಡಿದೊಡನೆ ಕಾಲಡಿಯ ಪೆಡಲ್ ಸ್ವಲ್ಪ ಇಳಿಯುವುದು ದೋಷವಲ್ಲ. ಬೂಸ್ಟರ್ ಕೆಲಸ ಮಾಡುತ್ತಿರುವುದರ ಗುರುತು. ಹಾಗೆಯೇ ಹೊಸ ಡಿಸ್ಕ್ ಪ್ಯಾಡ್ ಹಾಕುವಾಗ ಪಿಸ್ಟನ್ನನ್ನು ಹಿಂದಕ್ಕೆ ಒತ್ತಿರುವುದರಿಂದ ಮೊದಲ ಕೆಲವು ತುಳಿತ ಖಾಲಿ ಹೋಗುವುದು ಸಹಜ. ವಾಹನ ಕದಲುವ ಮೊದಲೇ ಪೆಡಲ್ ತುಳಿದು ಇದನ್ನು ಸರಿಪಡಿಸಿಕೊಳ್ಳಬೇಕು. ಮರೆತವರು ಗೇಟಿಗೋ ಗೋಡೆಗೋ ಗುದ್ದಿದ ಉದಾಹರಣೆಗಳು ನಮ್ಮ ನಡುವೆಯೇ ಇವೆ.

ನಿಜವಾಗಿ ಗಾಳಿ ಇದ್ದು, ಎಷ್ಟು ತೆಗೆದರೂ ಹೋಗದಿದ್ದರೆ ಕ್ಯಾಲಿಪರುಗಳನ್ನು ನೋಡಿರಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಅದಲುಬದಲಾದರೆ ಗಾಳಿ ಬಿಡುವ ನಿಪ್ಪಲ್ ಕೆಳಮುಖವಾಗುತ್ತದೆ, ಗಾಳಿ ಮೇಲೆಯೇ ಉಳಿಯುತ್ತದೆ. ನಿಪ್ಪಲ್ ಮುಚ್ಚುವ ಮೊದಲೇ ಪೆಡಲ್ ಬಿಟ್ಟರೂ, ಡಬ್ಬಿಯಲ್ಲಿ ದ್ರವ ಮುಗಿಯಲು ಬಿಟ್ಟರೂ ಗಾಳಿ ಪುನಃ ಒಳನುಗ್ಗುತ್ತದೆ. ಹೊರೆಗೆ ತಕ್ಕಂತೆ ಹಿಂದಿನ ಬ್ರೇಕಿನ ಒತ್ತಡವನ್ನು ನಿಯಂತ್ರಿಸುವ ವಾಲ್ವ್ ಅನೇಕ ಸರಕು ವಾಹನಗಳಲ್ಲಿದೆ. ಜಾಕಿಯ ಮೇಲೆ ಹಿಂದಿನ ಆಕ್ಸಲ್ ಜೋತುಬಿದ್ದಿದ್ದರೆ ವಾಹನ ಖಾಲಿಯಿದೆಯೆಂದು ಬಗೆದು ಈ ವಾಲ್ವ್ ದ್ರವದ ಹರಿವನ್ನು ತಗ್ಗಿಸುತ್ತದೆ. ಭಾರ ಚಕ್ರಗಳ ಮೇಲಿರುವಾಗಲೇ ಗಾಳಿ ತೆಗೆಯಬೇಕು. ಎಬಿಎಸ್ ಇರುವ ವಾಹನಗಳಲ್ಲಿ ಅದರ ಘಟಕದೊಳಕ್ಕೆ ಗಾಳಿ ಹೊಕ್ಕರೆ ಕಂಪನಿಯ ಸ್ಕ್ಯಾನರ್ ಬೇಕಾಗಬಹುದು. 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್ ಕಡ್ಡಾಯವಾಗಿರುವುದನ್ನು ಇಲ್ಲಿ ನೆನೆಯಬೇಕು.

ನಾವು ‘ಬ್ರೇಕ್ ಆಯಿಲ್’ ಎನ್ನುತ್ತೇವಾದರೂ ಅದು ಎಣ್ಣೆಯಲ್ಲ. ಅಂಗಡಿಯ ಹುಡುಗ ತಿಳಿಯದೆ ಎಂಜಿನ್ ಆಯಿಲ್ ಸುರಿದರೆ ರಬ್ಬರ್‌ಗಳೆಲ್ಲ ಊದಿಕೊಂಡು ಇಡೀ ವ್ಯವಸ್ಥೆಯನ್ನೇ ಬದಲಿಸಬೇಕಾಗುತ್ತದೆ. ಡಾಟ್ 3 ದ್ರವ ಹೊಸತಾಗಿದ್ದಾಗ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕುದಿಯುತ್ತದೆ. ತೇವ ಹೀರಿದ ಮೇಲೆ ಈ ಮಿತಿ 140 ಡಿಗ್ರಿ. ಡಾಟ್ 4ಕ್ಕೆ ಇವು ಕ್ರಮವಾಗಿ 230 ಮತ್ತು 155. ಮಳೆಗಾಲದುದ್ದಕ್ಕೂ ಗೋದಾಮಿನಲ್ಲಿ ಮುಚ್ಚಳ ಸಡಿಲವಾಗಿ ಕುಳಿತ ಅರ್ಧ ಬಾಟಲಿಯನ್ನು ಬಳಸಿದರೆ, ಬೆಳಿಗ್ಗೆ ಗಟ್ಟಿಯಿದ್ದ ಪೆಡಲ್ ಹೊರೆ ಹೊತ್ತು ಇಳಿಜಾರಿನಲ್ಲಿ ಬಿಸಿಯಾದಾಗ ಮೆತ್ತಗಾಗಬಹುದು. ಉಳಿತಾಯಕ್ಕೆ ಇದು ಜಾಗವಲ್ಲ.

‘ಎರಡು ಸಲ ತುಳಿದರೆ ಹಿಡಿಯುತ್ತೆ’ ಎಂಬ ಮಾತಿಗೆ ಮಾಲೀಕರು ಒಪ್ಪಿ ಕೀಲಿ ಕೊಡಬಾರದು. ಗಂಟೆಗೆ 40 ಕಿ.ಮೀ. ವೇಗದ ವಾಹನ ಒಂದು ಸೆಕೆಂಡಿನಲ್ಲಿ 11 ಮೀಟರ್ ಸಾಗುತ್ತದೆ. ಸಿಲ್ಕ್ ಬೋರ್ಡ್‌ನ ದಟ್ಟಣೆಯಲ್ಲಿ ಎರಡನೆಯ ತುಳಿತಕ್ಕೆ ಅಷ್ಟು ಜಾಗ ಸಿಗದು. ಮೋಟಾರು ವಾಹನಗಳ ಕಾಯಿದೆ, 1988ರ 190ನೇ ಕಲಮಿನ ಪ್ರಕಾರ ಅಪಾಯಕಾರಿ ದೋಷವಿರುವ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಓಡಿಸುವವನಷ್ಟೇ ಅಲ್ಲ, ಓಡಿಸಲು ಬಿಡುವವನೂ ಹೊಣೆಗಾರ. ದೋಷ ತಿಳಿದಿದ್ದರೆ ಮಾತ್ರವಲ್ಲ, ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ ಸಾಕು. ಅರ್ಹತಾ ಪತ್ರವನ್ನು ಎಂಟು ವರ್ಷದೊಳಗಿನ ಸಾರಿಗೆ ವಾಹನಗಳಿಗೆ ಎರಡು ವರ್ಷಕ್ಕೊಮ್ಮೆ, ಅದಕ್ಕೂ ಹಳೆಯವಕ್ಕೆ ಪ್ರತಿ ವರ್ಷ ನವೀಕರಿಸಬೇಕು; ಆದರೆ ಭಾನುವಾರದ ದುರಸ್ತಿಗೆ ಆ ಪತ್ರ ಸಾಕ್ಷಿಯಾಗಲಾರದು.

ದುರಸ್ತಿಯ ರಾತ್ರಿ ನಾಲ್ಕೂ ಚಕ್ರಗಳ ಕೆಳಗೆ ಹಳೆಯ ದಿನಪತ್ರಿಕೆ ಹಾಸಿ, ದ್ರವದ ಡಬ್ಬಿಯ ಮಟ್ಟಕ್ಕೆ ಟೇಪ್ ಅಂಟಿಸಿಡಿ. ಬೆಳಿಗ್ಗೆ ಕಾಗದ ಒಣಗಿದ್ದು, ಮಟ್ಟ ಇಳಿಯದೆ, ಮೊದಲ ತುಳಿತಕ್ಕೇ ಪೆಡಲ್ ಗಟ್ಟಿಯಾಗಿ ನಿಂತರೆ, ಸರಕು ತುಂಬುವ ಮೊದಲು ಆವರಣದೊಳಗೆ ನಡಿಗೆಯ ವೇಗದಲ್ಲಿ ನಾಲ್ಕಾರು ಸಲ ನಿಲ್ಲಿಸಿ ನೋಡಿರಿ. ಆ ಬಳಿಕವೇ ವಾಹನ ರಸ್ತೆಗೆ ಇಳಿಯಲಿ.